ಮುದ್ದು ಮಾಡಬಾರದ ಮರಿಗಳು

ಏಪ್ರಿಲ್ ಬಂತೆಂದರೆ ಬೆಂಗಳೂರಿನ ವನ್ಯಜೀವಿ ಆಸ್ಪತ್ರೆಗಳಿಗೆ ರಟ್ಟಿನ ಡಬ್ಬಗಳು ಬರತೊಡಗುತ್ತವೆ. ಚಪ್ಪಲಿ ಡಬ್ಬ, ಮಿಕ್ಸಿ ಡಬ್ಬ, ಬೇಕರಿಯ ಕೇಕಿನ ಡಬ್ಬ. ಮುಚ್ಚಳದ ಮೇಲೆ ಪೆನ್ನಿನಿಂದ ಚುಚ್ಚಿದ ತೂತುಗಳು. ಒಳಗೆ ಹಳೆ ಬನಿಯನ್ನಿನ ಮೇಲೆ ಕಣ್ಣು ಬಿಡದ ಅಳಿಲು ಮರಿ ಮಲಗಿರುತ್ತದೆ, ಇಲ್ಲವೇ ಬಿಳಿ ತುಪ್ಪುಳದ ಗೂಬೆ ಮರಿಯೊಂದು ಮೂಲೆಗೆ ಒತ್ತಿಕೊಂಡು ಕೊಕ್ಕು ಕಟಕಟ ಬಡಿಯುತ್ತಿರುತ್ತದೆ. ಹಕ್ಕಿಗಳು ಮರಿ ಮಾಡುವ ಕಾಲ, ತೆಂಗಿನ ಮರ ಸವರಿಸುವ ಕಾಲ, ಮಕ್ಕಳಿಗೆ ಶಾಲೆ ರಜೆಯ ಕಾಲ ಮೂರೂ ಒಟ್ಟಿಗೆ ಬರುವುದರಿಂದ ಈ ಡಬ್ಬಗಳಿಗೆ ಕೊನೆಯೇ ಇರುವುದಿಲ್ಲ.

2017ರ ಬೇಸಿಗೆ ರಜೆಯನ್ನು ನಾನು ಈ ಡಬ್ಬಗಳ ನಡುವೆ ಕಳೆದೆ. ಆಗ ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಪ್ರಾಣಿಶಾಸ್ತ್ರ ನನ್ನ ಇಷ್ಟದ ವಿಷಯ. ಆದರೆ ಕಾಲೇಜಿನ ಪ್ರಯೋಗಾಲಯದಲ್ಲಿ ನೋಡಿದ್ದೆಲ್ಲ ಫಾರ್ಮಲಿನ್‌ ಜಾಡಿಯೊಳಗಿನ ಪ್ರಾಣಿಗಳನ್ನೇ. ಜೀವಂತ ಪ್ರಾಣಿಗಳ ಜೊತೆ ಕೆಲಸ ಮಾಡಬೇಕೆಂಬ ಹಂಬಲದಿಂದ ಬೆಂಗಳೂರಿನ ಹೊರವಲಯದ ಒಂದು ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ಅರ್ಜಿ ಹಾಕಿ, ಇಂಟರ್ನ್ ಆಗಿ ಸೇರಿದೆ. ಸಂಬಳವಿಲ್ಲ, ಊಟ ವಸತಿ ಉಂಟು. "ರಜೆಯಲ್ಲಿ ಹೋಗಿ ಪಂಜರ ತೊಳೀತೀಯಾ?" ಎಂದು ಅಮ್ಮ ಕೇಳಿದ್ದರು. ಹೌದು, ಅದನ್ನೇ ಮಾಡಿದೆ, ಮತ್ತು ಅದರಿಂದಲೇ ಬಹಳಷ್ಟು ಕಲಿತೆ. ಪಂಜರದ ತಳದಲ್ಲಿ ಬಿದ್ದ ಹಿಕ್ಕೆಯ ಬಣ್ಣ ನೋಡಿಯೇ ಹಕ್ಕಿ ನಿನ್ನೆ ತಿಂದಿದೆಯೋ ಇಲ್ಲವೋ ಎಂದು ಹೇಳುವವರನ್ನು ನಾನು ಕಂಡದ್ದು ಅಲ್ಲಿಯೇ.

ಸೇರುವ ಮೊದಲೇ ರೇಬಿಸ್ ಚುಚ್ಚುಮದ್ದು ಪೂರ್ತಿ ಹಾಕಿಸಿಕೊಂಡು ಚೀಟಿ ತರಬೇಕಿತ್ತು. ಅಲ್ಲಿನ ಪಶುವೈದ್ಯೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಚೀಟಿ ನೋಡಿ ಮುಗಿಸಿದ ಮೇಲೆ ಅವರು ಹೊಸಬರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು: "ಯಾವ ಪ್ರಾಣಿಗೂ ಹೆಸರಿಡಬೇಡಿ. ಪಂಜರದ ಹತ್ತಿರ ಮಾತಾಡಬೇಡಿ. ಕೆಲಸ ಇಲ್ಲದೆ ಯಾವ ಬಾಗಿಲೂ ತೆಗೀಬೇಡಿ. ಮುದ್ದು ಮಾಡ್ಲೇಬೇಕು ಅನ್ನಿಸಿದ್ರೆ ಗೇಟಿನ ಹೊರಗೆ ಬೀದಿನಾಯಿಗಳಿದಾವೆ, ಅವಕ್ಕೆ ಮಾಡಿ."

ಪ್ರಾಣಿಗಳ ಮೇಲಿನ ಪ್ರೀತಿಯಿಂದಲೇ ಬಂದಿದ್ದ ನಮಗೆ ಈ ಮಾತು ಕಠಿಣವೆನಿಸಿತು. ಅದರ ಹಿಂದಿನ ತಿಳಿವಳಿಕೆ ದಿನ ಕಳೆದಂತೆ ಅರ್ಥವಾಯಿತು. ಕಾಡಿನ ಜೀವಕ್ಕೆ ಮನುಷ್ಯನ ಕೈ ಎಂದರೆ ಬೇಟೆಗಾರನ ಹಿಡಿತ. ನಾವು ತಲೆ ಸವರಿದಾಗ ಅದು ಅಲುಗಾಡದೆ ಕುಳಿತರೆ ಅದಕ್ಕೆ ಹಿತವಾಗಿದೆ ಎಂದು ನಾವು ಭಾವಿಸುತ್ತೇವೆ. ನಿಜದಲ್ಲಿ ಅದು ಭಯದಿಂದ ಮರಗಟ್ಟಿರುತ್ತದೆ. ಜಿಂಕೆಯನ್ನು ಅಟ್ಟಾಡಿಸಿ ಹಿಡಿದರೆ ಮೈಮೇಲೆ ಒಂದು ಗೀರು ಇಲ್ಲದಿದ್ದರೂ ಕೆಲವು ದಿನಗಳಲ್ಲಿ ಸತ್ತುಹೋಗಬಹುದು. ಭಯ, ಓಟ, ಒದ್ದಾಟದಲ್ಲಿ ಸ್ನಾಯುಗಳು ಒಳಗೊಳಗೇ ಒಡೆದು, ಅದರಿಂದ ಹೊರಬಿದ್ದ ಅಂಶ ರಕ್ತಕ್ಕೆ ಸೇರಿ, ಮೂತ್ರಪಿಂಡ ಕೆಡುತ್ತದೆ. ನಾಯಿಗಳು ಅಟ್ಟಿಸಿಕೊಂಡು ಬಂದಿದ್ದ ಚುಕ್ಕೆ ಜಿಂಕೆಯೊಂದನ್ನು ಒಮ್ಮೆ ತಂದರು. ಮೇಡಂ ಮೊದಲು ಅದರ ಕಣ್ಣಿಗೆ ಬಟ್ಟೆ ಕಟ್ಟಿದರು, ದೀಪ ಆರಿಸಿದರು, ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಔಷಧಿ ಆಮೇಲೆ. ಕತ್ತಲೆ ಮತ್ತು ಮೌನವೇ ಮೊದಲ ಚಿಕಿತ್ಸೆ ಎಂದು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿರಲಿಲ್ಲ.

ಮರಿಗಳ ವಿಷಯದಲ್ಲಿ ತೊಂದರೆ ಇನ್ನೊಂದು ಬಗೆಯದು. ಅವು ಹೆದರುವುದಿಲ್ಲ, ನಂಬಿಬಿಡುತ್ತವೆ. ಕಣ್ಣು ಬಿಟ್ಟಾಗ ಎದುರಿಗೆ ಯಾರು ಊಟ ಹಿಡಿದು ನಿಂತಿರುತ್ತಾರೋ ಅವರೇ ತನ್ನ ಬಳಗ ಎಂದು ಹದ್ದಿನ ಮರಿ, ಗೂಬೆ ಮರಿ ತಿಳಿಯುತ್ತವೆ. ಹಾಗೆ ಬೆಳೆದ ಹದ್ದು ಮುಂದೆ ಹಾರಬಲ್ಲದು, ಆದರೆ ಹದ್ದುಗಳ ನಡುವೆ ಬಾಳಲಾರದು. ಹಸಿವಾದಾಗ ಯಾರದೋ ಮನೆಯ ಬಾಲ್ಕನಿಗೆ ಬಂದು ಕೂಗುತ್ತದೆ. ಜನ ಹೆದರಿ ಕಲ್ಲೆಸೆಯುತ್ತಾರೆ. ಅದಕ್ಕೇ ಮರಿಗಳಿಗೆ ಊಟ ಕೊಡುವಾಗ ನಾವು ಪರದೆಯ ಹಿಂದೆ ನಿಂತು ಉದ್ದನೆಯ ಚಿಮುಟ ಮಾತ್ರ ಒಳಗೆ ಚಾಚುತ್ತಿದ್ದೆವು. ಒಂಟಿ ಮರಿ ಬಂದರೆ ಅದೇ ಜಾತಿಯ, ಅದೇ ವಯಸ್ಸಿನ ಇನ್ನೊಂದರ ಜೊತೆ ಸೇರಿಸುತ್ತಿದ್ದೆವು. ಊಟವೂ ಬರೀ ಮಾಂಸದ ತುಂಡಾದರೆ ಸಾಲದು. ಕಾಡಿನಲ್ಲಿ ಅವು ಬೇಟೆಯನ್ನು ಮೂಳೆ ಸಮೇತ ತಿನ್ನುತ್ತವೆ. ಮನೆಯಲ್ಲಿ ಒಂದೆರಡು ವಾರ ಕೋಳಿಯ ಎದೆಮಾಂಸ ಮಾತ್ರ ತಿನ್ನಿಸಿ ಸಾಕಿದ ಮರಿಗಳ ಕಾಲಿನ ಮೂಳೆಗಳು ಸೊಟ್ಟಗಾಗಿರುತ್ತಿದ್ದವು. ಸಾಕಿದವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಮರಿಯ ಊಟದಲ್ಲಿ ಸುಣ್ಣದ ಅಂಶವಿರಲಿಲ್ಲ.

ಅಳಿಲು ಮರಿಗಳ ಪಾಳಿ ನನ್ನದಾಗಿತ್ತು. ತಂದವರಲ್ಲಿ ಹೆಚ್ಚಿನವರು ದಾರಿಯಲ್ಲೇ ಹತ್ತಿಯಲ್ಲಿ ಅದ್ದಿ ಹಸುವಿನ ಹಾಲು ಹಿಂಡಿರುತ್ತಿದ್ದರು. ಆ ಪುಟ್ಟ ಹೊಟ್ಟೆಗೆ ಹಸುವಿನ ಹಾಲು ಆಗಿಬರುವುದಿಲ್ಲ, ಭೇದಿ ಹಿಡಿದು ಮೈಯ ನೀರೆಲ್ಲ ಹೋಗುತ್ತದೆ. ಮೈ ತಣ್ಣಗಾದ ಮರಿಗೆ ಯಾವ ಹಾಲು ಕುಡಿಸಿದರೂ ಅಪಾಯವೇ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಬೆಚ್ಚಗೆ ಮಾಡಬೇಕು. ಆಮೇಲೆ ಓಆರ್‌ಎಸ್ ನೀರು. ಅದು ಒಗ್ಗಿದ ಮೇಲೆ ನಾಯಿಮರಿಗಳಿಗೆಂದು ಬರುವ ಹಾಲಿನ ಪುಡಿ, ತೆಳ್ಳಗೆ ಕಲಸಿದ್ದು. ಮರಿಯನ್ನು ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗುವಂತೆ ಅಂಗೈಯಲ್ಲಿ ಕೂರಿಸಿಕೊಂಡು, ಸೂಜಿ ತೆಗೆದ ಪುಟ್ಟ ಸಿರಿಂಜಿನ ತುದಿಗೆ ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರು ಸಿಕ್ಕಿಸಿ, ಹನಿ ಹನಿಯಾಗಿ ಕೊಡಬೇಕು. ಅದು ಮುಂಗೈ ಎರಡರಲ್ಲೂ ಸಿರಿಂಜನ್ನು ತಬ್ಬಿ ಹಿಡಿಯುತ್ತದೆ. ಕೂದಲು ಮೂಡದ ಮರಿಯ ಪಕ್ಕೆಯ ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬೆಳ್ಳಗೆ ನಿಂತದ್ದು ಹೊರಗೆ ಕಾಣುತ್ತದೆ. ಆ ಬಿಳಿ ನೋಡಿಯೇ ನಿಲ್ಲಿಸಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲನೆ ಒರೆಸಿದರಷ್ಟೇ ಅದು ಉಚ್ಚೆ ಹೊಯ್ಯುತ್ತದೆ, ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ರಾತ್ರಿಯೂ ಅಲಾರಂ ಇಟ್ಟುಕೊಂಡು ಎದ್ದು ಇದನ್ನೇ ಮಾಡುತ್ತಿದ್ದೆ.

ಹೀಗೆ ಅಂಗೈಯಲ್ಲೇ ಬೆಳೆದ ಮರಿಗಳನ್ನು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಕೈಯಿಂದ ದೂರ ಮಾಡಬೇಕು. ತಟ್ಟೆಯಲ್ಲಿ ಹಣ್ಣು, ಕಾಳು, ಎಳೆ ಚಿಗುರು ಇಟ್ಟು ಬಾಗಿಲು ಹಾಕಿ ಬಂದುಬಿಡಬೇಕು. ಮೊದಮೊದಲು ಜಾಲರಿಗೆ ಅಂಟಿಕೊಂಡು ಕೂಗುತ್ತವೆ. ಆ ಕೂಗಿಗೆ ಕಿವಿಗೊಡದೆ ನಡೆದು ಹೋಗುವುದು ರಾತ್ರಿ ನಿದ್ದೆಗೆಡುವುದಕ್ಕಿಂತ ಕಷ್ಟದ ಕೆಲಸ. ಕನಕಪುರ ಕಡೆಯ ಹಿರಿಯ ಪಾಲಕರೊಬ್ಬರಿದ್ದರು, ನಾವು ಅಣ್ಣ ಎನ್ನುತ್ತಿದ್ದೆವು. ಓದು ಕಡಿಮೆ, ಅನುಭವ ಅಪಾರ. ದೊಡ್ಡದಾದ ಅಳಿಲುಗಳು ನನ್ನನ್ನು ಕಂಡು ಮೊದಲ ಸಲ ಕೊಂಬೆಯ ಹಿಂದೆ ಅಡಗಿಕೊಂಡ ದಿನ ಅವರು ಹೇಳಿದ್ದರು: "ನಿನ್ನ ನೋಡಿ ಹೆದರ್ಕಂಡ್ವಾ? ಖುಷಿ ಪಡು. ಇನ್ಮೇಲೆ ಅವು ಕಾಡಿನವು."

ಆಸ್ಪತ್ರೆಯಲ್ಲಿ ಹದ್ದುಗಳದ್ದೇ ಒಂದು ದೊಡ್ಡ ವಾರ್ಡು. ನಗರದ ಮೇಲೆ ಸುತ್ತುವ ಕಂದು ಬಣ್ಣದ ಈ ಹದ್ದನ್ನು ನಾವು ಲೆಕ್ಕಕ್ಕೇ ಇಟ್ಟಿಲ್ಲ. ಬಿಳಿ ಎದೆಯ ಗರುಡ ಕಂಡರೆ ಕೈ ಮುಗಿಯುವ ಜನ, ಮಾಂಸದಂಗಡಿಯ ತ್ಯಾಜ್ಯ ತಿಂದು ಊರು ಶುಚಿಮಾಡುವ ಈ ಹಕ್ಕಿಯತ್ತ ತಲೆ ಎತ್ತಿಯೂ ನೋಡುವುದಿಲ್ಲ. ಅವುಗಳನ್ನು ಆಸ್ಪತ್ರೆಗೆ ತರುತ್ತಿದ್ದದ್ದು ಹೆಚ್ಚಾಗಿ ಗಾಳಿಪಟದ ದಾರ. ಗಾಜಿನ ಪುಡಿ ಬಳಿದ ಮಾಂಜಾ, ಅದರಲ್ಲೂ ನೈಲಾನ್ ಮಾಂಜಾ. ಹತ್ತಿಯ ದಾರ ಮಳೆ ಬಿಸಿಲಿಗೆ ಕೊಳೆತು ಹೋಗುತ್ತದೆ, ನೈಲಾನಿನದು ಹೋಗುವುದಿಲ್ಲ. ಆಷಾಢದ ಗಾಳಿಯಲ್ಲಿ ಹಾರಿಸಿದ ಪಟ ಹರಿದು ಎಲ್ಲೋ ಬೀಳುತ್ತದೆ, ದಾರ ಮರದ ತುದಿಯಲ್ಲಿ ಮುಂದಿನ ವರ್ಷದವರೆಗೂ ತೂಗುತ್ತಿರುತ್ತದೆ. ಹದ್ದು ಗೂಡು ಕಟ್ಟುವುದೂ ಮರದ ತುದಿಯಲ್ಲೇ.

ಹದ್ದಿನ ರೆಕ್ಕೆಯ ಮುಂಭಾಗದಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ, ಛತ್ರಿಯ ಬಟ್ಟೆಯಂತೆ ಬಿಗಿದುಕೊಂಡ ಒಂದು ಚರ್ಮದ ಪದರವಿದೆ. ಅದರ ಅಂಚಿನಲ್ಲಿ ಒಂದು ಸಪೂರ ಸ್ನಾಯುರಜ್ಜು ಹಾದುಹೋಗುತ್ತದೆ. ಹಾರುವ ಹಕ್ಕಿಗೆ ಗಾಳಿಯಲ್ಲಿ ಆಧಾರ ಕೊಡುವುದು ಈ ಪದರವೇ. ಮಾಂಜಾ ಮೊದಲು ತಗಲುವುದೂ ಅಲ್ಲಿಗೇ. ಸಿಕ್ಕಿಕೊಂಡ ಹದ್ದು ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ದಾರ ಗರಗಸವಾಗುತ್ತದೆ. ನಾನು ಮೊದಲು ಹಿಡಿದ ಹದ್ದಿನ ಗರಿಗಳನ್ನು ಮೇಡಂ ಸರಿಸಿ ಗಾಯ ತೋರಿಸಿದಾಗ ಹೊರಗಿನಿಂದ ಒಂದು ತೆಳು ಗೆರೆ ಮಾತ್ರ ಕಂಡಿತ್ತು, ರಕ್ತವೂ ಹೆಚ್ಚಿರಲಿಲ್ಲ. ಗೆರೆಯನ್ನು ಅಗಲಿಸಿದರೆ ಒಳಗೆ ರಜ್ಜು ಎರಡು ತುಂಡಾಗಿತ್ತು, ತುದಿಗಳು ಆಗಲೇ ಒಣಗಿ ಹಳದಿಯಾಗಿದ್ದವು. ಮರದಲ್ಲಿ ಎಷ್ಟು ಹೊತ್ತು ನೇತಾಡಿತ್ತೋ. ಟವೆಲಿನಡಿಯಲ್ಲಿ ನನ್ನ ಎರಡು ಅಂಗೈಗಳ ನಡುವೆ ಅದರ ಎದೆ ಬಡಿದುಕೊಳ್ಳುತ್ತಿತ್ತು. ಹಕ್ಕಿಗೆ ನಮ್ಮಂತೆ ಉಸಿರಾಟಕ್ಕೆ ವಪೆಯಿಲ್ಲ, ಎದೆ ಏರಿಳಿದರಷ್ಟೇ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ, ಸಡಿಲ ಬಿಟ್ಟರೆ ಕೊಸರಾಡಿ ಗಾಯ ಹರಿದುಕೊಳ್ಳುತ್ತದೆ. ಹಕ್ಕಿ ಹಿಡಿಯುವುದು ಒಂದು ವಿದ್ಯೆ.

ಹೊಲಿಗೆ ಹಾಕಿ ರೆಕ್ಕೆ ಕಟ್ಟಿದ ಮಾತ್ರಕ್ಕೆ ಮುಗಿಯಿತು ಎಂದಲ್ಲ. ಕಟ್ಟು ಬಹಳ ದಿನ ಇದ್ದರೆ ಕೀಲು ಬಿಗಿಯುತ್ತದೆ. ಆಗಾಗ ಬಿಚ್ಚಿ, ಹಕ್ಕಿಗೆ ಅರಿವಳಿಕೆ ಕೊಟ್ಟು, ರೆಕ್ಕೆಯನ್ನು ಮೆಲ್ಲಗೆ ಚಾಚಿ ಮಡಿಸಿ ವ್ಯಾಯಾಮ ಮಾಡಿಸಬೇಕು. ಗಾಯ ಮಾಯ್ದ ಮೇಲೆ ಉದ್ದನೆಯ ಹಾರಾಟದ ಪಂಜರ. ಅಲ್ಲಿ ನಾವು ದೂರದ ಕಿಂಡಿಯಿಂದ ನೋಡಿ ಬರೆದಿಡುತ್ತಿದ್ದೆವು: ಎರಡೂ ರೆಕ್ಕೆ ಸಮನಾಗಿ ಬಡಿಯುತ್ತದೆಯೇ, ತಿರುವಿನಲ್ಲಿ ವಾಲುತ್ತದೆಯೇ, ಕೂತಾಗ ಬಾಯಿ ತೆರೆದು ಏದುಸಿರು ಬಿಡುತ್ತದೆಯೇ. ಬಾಲದ ಗರಿ ಮುರಿದಿದ್ದರೂ ಬಿಡುಗಡೆ ಮುಂದಕ್ಕೆ ಹೋಗುತ್ತಿತ್ತು. ಹೊರಗಿನ ಆಕಾಶದಲ್ಲಿ ಅರೆಬರೆ ಗುಣವಾದ ಹಕ್ಕಿಗೆ ಜಾಗವಿಲ್ಲ.

ಆ ವರ್ಷದ ಜುಲೈನಲ್ಲಿ, ನಾನು ಕಾಲೇಜಿಗೆ ಮರಳಿದ ಮೇಲೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಮತ್ತಿತರ ಸಿಂಥೆಟಿಕ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಸುದ್ದಿ ಓದಿ ತುಂಬ ಸಂತೋಷಪಟ್ಟೆ. ಆಮೇಲೂ ಅಂಗಡಿಗಳಲ್ಲಿ ಅದು ಸಿಗುತ್ತಲೇ ಇತ್ತು, ಹದ್ದುಗಳು ಬರುತ್ತಲೇ ಇದ್ದವು. ದೆಹಲಿಯಲ್ಲಿ ಮಾಂಜಾಕ್ಕೆ ಸಿಕ್ಕಿದ ಹದ್ದುಗಳಿಗೆ ಮನೆಯ ನೆಲಮಾಳಿಗೆಯಲ್ಲೇ ಚಿಕಿತ್ಸೆ ಮಾಡುವ ಸಹೋದರರನ್ನು ಕುರಿತು ಶೌನಕ್ ಸೇನ್ ತೆಗೆದ 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರ 2022ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದನ್ನು ನೋಡುವಾಗ ಆ ಗಾಯದ ಗೆರೆಗಳೆಲ್ಲ ನನಗೆ ಪರಿಚಿತವಾಗಿದ್ದವು.

ಇನ್ನು ಹೇಳಲು ಹಿಂಜರಿಯುವ ವಿಷಯ. ಕೀಲಿನಲ್ಲೇ ರೆಕ್ಕೆ ತುಂಡಾದ ಹದ್ದು ಎಂದೂ ಹಾರುವುದಿಲ್ಲ. ವಿದ್ಯುತ್ ತಂತಿ ತಗುಲಿದ ಕೋತಿಯ ಸುಟ್ಟಗಾಯ ಮೊದಲ ದಿನ ಸಣ್ಣದಾಗಿ ಕಾಣುತ್ತದೆ. ಒಳಗೆ ರಕ್ತನಾಳಗಳೇ ಸುಟ್ಟಿರುವುದರಿಂದ ದಿನ ಕಳೆದಂತೆ ಬೆರಳು ಕಪ್ಪಾಗಿ, ಒಣಗಿ, ಉದುರುತ್ತದೆ. ಕೆಲವೊಮ್ಮೆ ಕೈಯೇ ಹೋಗುತ್ತದೆ. ಚೇತರಿಸುವ ಆಸೆಯೇ ಇಲ್ಲದ, ನೋವು ಮಾತ್ರ ಉಳಿದ ಪ್ರಾಣಿಗೆ ನೋವಿಲ್ಲದ ಸಾವು ಕೊಡುವುದು ಸರಿಯೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ, ಗುಣವಾಗದಷ್ಟು ಊನಗೊಂಡ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಂಥ ಅನುಮತಿ ಕೊಡಲು ಅವಕಾಶವಿದೆ. ಸೇರಿದ ಹೊಸದರಲ್ಲಿ ನಾನು ಇದನ್ನು ಒಪ್ಪುತ್ತಿರಲಿಲ್ಲ. ಜೀವ ಉಳಿಸಲು ಬಂದವರು ಜೀವ ತೆಗೆಯಬಹುದೇ ಎಂದು ಮೇಡಂ ಜೊತೆ ವಾದ ಮಾಡಿದ್ದೆ. ಅವರು ಸಿಟ್ಟಾಗಲಿಲ್ಲ. "ನೀನು ಅದನ್ನ ನೋಡ್ಕೊಂಡು ಇರೋದು ನಿನ್ನ ಸಮಾಧಾನಕ್ಕಾ, ಅದರ ಸಮಾಧಾನಕ್ಕಾ?" ಎಂದಷ್ಟೇ ಕೇಳಿದರು. ಆಕಾಶವೆಲ್ಲ ತನ್ನದಾಗಿದ್ದ ಹಕ್ಕಿಯನ್ನು ಮುಂದಿನ ವರ್ಷಗಳೆಲ್ಲ ಗೂಡಿನಲ್ಲಿ ಕೂರಿಸಿ ಅನ್ನ ಹಾಕುವುದು ದಯೆಯೆಂದು ಇವತ್ತು ನಾನು ಹೇಳಲಾರೆ. ಆ ನಿರ್ಧಾರವಾದ ದಿನಗಳಲ್ಲಿ ಮಾತ್ರ ಅಣ್ಣ ಮಧ್ಯಾಹ್ನದ ಊಟಕ್ಕೆ ಬರುತ್ತಿರಲಿಲ್ಲ.

ನನ್ನ ಯೋಚನೆಯ ದಾರಿಯನ್ನೇ ಬದಲಿಸಿದ ಸಂಗತಿ ಬೇರೆಯದೇ. ನಾವು "ರಕ್ಷಿಸಿ ತಂದ" ಮರಿಗಳಲ್ಲಿ ಎಷ್ಟೋ ಮರಿಗಳಿಗೆ ರಕ್ಷಣೆಯೇ ಬೇಕಿರಲಿಲ್ಲ.

ಒಂದು ಸಂಜೆ ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು ಆಟೋದಲ್ಲಿ ಬಂದಿಳಿದರು. ಮಗುವಿನ ಕೈಯಲ್ಲಿದ್ದ ಡಬ್ಬದಲ್ಲಿ ಚುಕ್ಕೆ ಗೂಬೆಯ ಮರಿ. ಗರಿ ಬಹುಮಟ್ಟಿಗೆ ಬಂದಿತ್ತು, ಕಣ್ಣು ಚುರುಕಾಗಿತ್ತು, ಗಾಯವಿರಲಿಲ್ಲ.

"ಎಲ್ಲಿ ಸಿಕ್ತು?"

"ನಮ್ಮನೆ ಮುಂದೆ ಮೇಡಂ, ಹೊಂಗೆ ಮರದ ಕೆಳಗೆ. ಹಾರಕ್ಕೇ ಬರ್ತಿಲ್ಲ. ಕಾಗೆ ಕುಕ್ತಾವೆ ಅಂತ ಎತ್ಕೊಂಡು ಬಂದ್ವಿ."

"ಮರದಲ್ಲಿ ದೊಡ್ಡ ಗೂಬೆ ಇತ್ತಾ?"

"ಹೂಂ, ಎರಡು ಕೂತಿದ್ವು. ಕಿರಚ್ತಾ ಇದ್ವು. ಅವೇ ಇದನ್ನ ತಳ್ಳಿದಾವೇನೋ ಅಂದ್ಕೊಂಡ್ವಿ."

ಮೇಡಂ ಮರಿಯನ್ನು ಪರೀಕ್ಷಿಸಿ ಮತ್ತೆ ಅದೇ ಡಬ್ಬದಲ್ಲಿಟ್ಟರು. "ಅವು ಅಪ್ಪ ಅಮ್ಮ ಕಣಮ್ಮ. ಮಗೂನ ಕರೀತಿದ್ವು," ಎಂದರು. ಗೂಬೆ ಮರಿಗಳು ಹಾರಲು ಬರುವ ಮೊದಲೇ ಗೂಡು ಬಿಟ್ಟು ಕೊಂಬೆಗೆ ಬರುತ್ತವೆ, ಕೆಳಗೆ ಬೀಳುತ್ತವೆ, ಮತ್ತೆ ಕೊಕ್ಕು ಕಾಲು ಹಚ್ಚಿ ಕಾಂಡ ಹತ್ತುತ್ತವೆ. ತಂದೆತಾಯಿ ನೆಲದ ಮೇಲೂ ಬಂದು ತುತ್ತು ಕೊಡುತ್ತವೆ. ಅಂದು ರಾತ್ರಿಯೇ ನಾನೂ ಅಣ್ಣನೂ ಆ ಕುಟುಂಬದ ಜೊತೆ ಹೋದೆವು. ಮರಿಯನ್ನು ಎಟುಕುವಷ್ಟು ಎತ್ತರದ ಕವಲಿನಲ್ಲಿ ಕೂರಿಸಿ, ಮನೆಯ ದೀಪ ಆರಿಸಿ, ಎಲ್ಲರೂ ಕಿಟಕಿಯ ಹಿಂದೆ ಕಾದೆವು. ಮರಿ ಹಸಿವಿನ ಸದ್ದು ಮಾಡುತ್ತಿದ್ದಂತೆ ದೊಡ್ಡ ಗೂಬೆಯೊಂದು ಕಾಲಲ್ಲಿ ಏನನ್ನೋ ಹಿಡಿದು ಬಂದು ಅದರ ಪಕ್ಕ ಕುಳಿತಿತು. ಆ ಹುಡುಗಿ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು. ಗೂಬೆಯನ್ನು ಅಪಶಕುನವೆನ್ನುವ ಊರಿನಲ್ಲಿ, ಗೂಬೆಯೂ ತಾಯಿಯೇ ಎಂದು ಕಣ್ಣಾರೆ ಕಂಡ ಒಂದು ಮಗುವಾದರೂ ಉಳಿಯಿತು.

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಅದು ನಿಜವಲ್ಲ. ಮರ ಸವರಿದಾಗ ಬಿದ್ದ ಅಳಿಲು ಮರಿಗಳನ್ನು ಅದೇ ಮರದ ಬುಡದಲ್ಲಿ, ನೆರಳಿನಲ್ಲಿ, ನಾಯಿ ಬೆಕ್ಕಿಗೆ ಸಿಗದಂತೆ ಇಟ್ಟು ದೂರ ಸರಿದರೆ ತಾಯಿ ಬಂದು ಒಂದೊಂದನ್ನೇ ಬಾಯಲ್ಲಿ ಕಚ್ಚಿ ಒಯ್ಯುವುದನ್ನು ನಾನು ನೋಡಿದ್ದೇನೆ. ನನ್ನ ಸಿರಿಂಜಿನ ಹಾಲಿಗಿಂತ ಅದು ಸಾವಿರ ಪಾಲು ಮೇಲು.

ಇದೇ ಮಾತು ದೊಡ್ಡ ಪ್ರಾಣಿಗಳಿಗೂ ಸಲ್ಲುತ್ತದೆ. ಮಂಡ್ಯ, ಮೈಸೂರು ಕಡೆ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಗುವುದುಂಟು. ಹಿಂದೆ ಅವುಗಳನ್ನು ಎತ್ತಿಕೊಂಡು ಹೋಗಿ ಮೃಗಾಲಯಕ್ಕೆ ಸೇರಿಸುವುದೇ ರೂಢಿಯಾಗಿತ್ತು. ಈಗ ಅರಣ್ಯ ಸಿಬ್ಬಂದಿ ಮರಿಗಳನ್ನು ಸಿಕ್ಕಿದ ಜಾಗದಲ್ಲೇ ಬುಟ್ಟಿಯಲ್ಲಿಟ್ಟು, ಕ್ಯಾಮೆರಾ ಕಟ್ಟಿ, ಜನರನ್ನು ದೂರ ಕಳಿಸಿ ತಾಯಿಗಾಗಿ ಕಾಯುತ್ತಾರೆ. ರಾತ್ರಿ ಅದು ಬಂದು ಮರಿಗಳನ್ನು ಒಯ್ಯುತ್ತದೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದ ಕಬ್ಬಿನ ಸೀಮೆಯಲ್ಲಿ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿಗಳು ಇಳಿಯುವ ಬದಲು ಏರಿದವು ಎಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿದೆ. ಗುರುತು ಪರಿಚಯವಿಲ್ಲದ ನೆಲಕ್ಕೆ ತಳ್ಳಿದ ಪ್ರಾಣಿ ಕಂಗೆಡುತ್ತದೆ. "ಹಿಡಿದು ಕಾಡಿಗೆ ಬಿಡಿ" ಎಂದು ಕೂಗುವುದು ಸುಲಭ, ಆದರೆ ಹಿಡಿಯುವುದೇ ಎಷ್ಟೋ ಸಲ ಅನಾಹುತದ ಮೊದಲ ಹೆಜ್ಜೆ.

ಗಿಳಿಗಳ ಕಥೆ ಇದಕ್ಕೆ ತದ್ವಿರುದ್ಧ. ಅವನ್ನು ಯಾರೂ ರಕ್ಷಿಸಿ ತರುತ್ತಿರಲಿಲ್ಲ, ಅರಣ್ಯ ಇಲಾಖೆಯವರು ಜಪ್ತಿ ಮಾಡಿ ತರುತ್ತಿದ್ದರು. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು ಕಾಯ್ದೆ ಪ್ರಕಾರ ಅಪರಾಧ. ಜ್ಯೋತಿಷ್ಯದ ಗಿಳಿಯೂ ಅಷ್ಟೇ, ಅಜ್ಜಿ ಪ್ರೀತಿಯಿಂದ ಸಾಕಿದ ಗಿಳಿಯೂ ಅಷ್ಟೇ. ಬರುವಾಗ ಹೆಚ್ಚಿನವುಗಳ ರೆಕ್ಕೆಯ ಗರಿ ಕತ್ತರಿಸಿರುತ್ತಿದ್ದರು. ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಅದು ತಾನಾಗಿ ಉದುರಿ ಹೊಸದು ಹುಟ್ಟಬೇಕು, ಅದಕ್ಕೆ ತಿಂಗಳುಗಳೇ ಬೇಕು. ನಾನು ಅಲ್ಲಿದ್ದಷ್ಟು ಕಾಲವೂ ಒಂದು ಗುಂಪು ಹಾಗೆಯೇ ಕಾಯುತ್ತಿತ್ತು. ಅವುಗಳಲ್ಲೊಂದು ಯಾರು ಹಾದುಹೋದರೂ "ಊಟ ಆಯ್ತಾ" ಎನ್ನುತ್ತಿತ್ತು. ಹೊಸಬರು ನಗುತ್ತಿದ್ದರು. ನನಗೆ ಅದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತಿತ್ತು, ಏಕೆಂದರೆ ಗಿಳಿಗಳ ಭಾಷೆ ಅದಕ್ಕೆ ಬರುತ್ತಿರಲಿಲ್ಲ.

ಮೇ ಕೊನೆಯಲ್ಲಿ ನಮ್ಮ ಜಿಲ್ಲೆಯಿಂದಲೇ ಬಂದಿದ್ದ ಒಂದು ಕಾಡುಪಾಪದ ಬಿಡುಗಡೆಗೆ ನನ್ನನ್ನೂ ಕರೆದುಕೊಂಡು ಹೋದರು. ತುಮಕೂರು ಜಿಲ್ಲೆ ಕಾಡುಪಾಪಕ್ಕೆ ಹೆಸರಾದದ್ದು, ನಾಗವಲ್ಲಿಯ ಸುತ್ತ ಅವುಗಳನ್ನು ನೋಡಲು ದೂರದಿಂದ ಆಸಕ್ತರು ಬರುತ್ತಾರೆ. ಕಾಲು ಕಿಲೋ ಆಸುಪಾಸು ತೂಗುವ, ಹುಳುಹುಪ್ಪಟೆ ತಿಂದು ಬದುಕುವ ಈ ನಿಶಾಚರಿಯನ್ನು ಮಾಟ ಮಂತ್ರಕ್ಕೆಂದು ಹಿಂಸಿಸಿ ಕೊಲ್ಲುವವರು ಈಗಲೂ ಇದ್ದಾರೆ. ಇದಕ್ಕೆ ಮಾತ್ರ ತಂತಿ ತಗುಲಿ ಕೈ ಸುಟ್ಟಿತ್ತು. ಬೆರಳು ಉಳಿದದ್ದೇ ದೊಡ್ಡದು, ಕೊಂಬೆ ಹಿಡಿಯಲಾರದ ಕಾಡುಪಾಪಕ್ಕೆ ಬದುಕಿಲ್ಲ.

ಕತ್ತಲಾದ ಮೇಲೆ, ಅದು ಸಿಕ್ಕಿದ್ದ ತೋಟದ ಬೇಲಿಯ ಹತ್ತಿರ, ಅರಣ್ಯ ಇಲಾಖೆಯವರ ಎದುರಿಗೆ ಪೆಟ್ಟಿಗೆಯ ಬಾಗಿಲು ತೆಗೆದೆವು. ಹಣೆಯ ದೀಪಗಳಿಗೆ ಕೆಂಪು ಹಾಳೆ ಅಂಟಿಸಿಕೊಂಡಿದ್ದೆವು, ಬಿಳಿ ಬೆಳಕು ಅದರ ಕಣ್ಣಿಗೆ ಆಗುವುದಿಲ್ಲ. ಬಹಳ ಹೊತ್ತು ಅಲುಗಾಟವಿಲ್ಲ. ಆಮೇಲೆ ಸಣ್ಣ ಕೈಯೊಂದು ಹೊರಬಂದು ಹುಣಸೆ ಕೊಂಬೆಯನ್ನು ಹಿಡಿಯಿತು. ಸುಟ್ಟಿದ್ದ ಕೈಯೇ ಅದು. ಹಿಡಿತ ಗಟ್ಟಿಯಾಗಿದೆಯೆಂದು ಖಾತ್ರಿಯಾದ ಮೇಲೆ ಇನ್ನೊಂದು ಕೈ, ಆಮೇಲೆ ಕಾಲು. ಕೊಂಬೆಯಿಂದ ಕೊಂಬೆಗೆ ಅದು ನೆಗೆಯುವುದಿಲ್ಲ, ಒಂದನ್ನು ಹಿಡಿದ ಮೇಲಷ್ಟೇ ಇನ್ನೊಂದನ್ನು ಬಿಡುತ್ತದೆ. ಹಾಗಾಗಿ ಕೊಂಬೆಗೆ ಕೊಂಬೆ ಕೂಡಿಕೊಂಡಿರುವ ಕಡೆ ಮಾತ್ರ ಅದರ ಸಂಚಾರ.

ತೋಟದ ಯಜಮಾನರು ನಮ್ಮ ಜೊತೆ ನಿಂತಿದ್ದರು. "ನಮ್ಮ ತಾತನ ಕಾಲದಿಂದ ಈ ಬೇಲೀಲಿ ಇದಾವೆ," ಎಂದರು. ಆ ಬೇಲಿಯಲ್ಲಿ ಕಳ್ಳಿ, ಹೊಂಗೆ, ಹುಣಸೆ, ಲಂಟಾನ ಎಲ್ಲ ಹೆಣೆದುಕೊಂಡಿದ್ದವು. ಅದರಾಚೆಯ ಜಮೀನಿಗೆ ಆಗಲೇ ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದರು. ಕಾಡುಪಾಪದ ಹಾದಿ ಆ ಕಂಬದ ಬಳಿಗೆ ಮುಗಿಯುತ್ತಿತ್ತು. ಒಂದು ಜೀವವನ್ನು ಗುಣಪಡಿಸಿ ತಂದು ಬಿಡಲು ಒಂದು ಆಸ್ಪತ್ರೆಯೇ ದುಡಿಯಿತು, ಒಂದು ಬೇಲಿ ಕಿತ್ತರೆ ಅಂಥ ಎಷ್ಟೋ ಜೀವಗಳಿಗೆ ನೆಲೆ ತಪ್ಪುತ್ತದೆ. ರಕ್ಷಣೆಗೂ ಸಂರಕ್ಷಣೆಗೂ ನಡುವೆ ಎಷ್ಟು ಅಂತರವಿದೆ ಎಂದು ನಾನು ಅರಿತದ್ದು ಆ ಬೇಲಿಯ ಪಕ್ಕದಲ್ಲಿ. ಆಸ್ಪತ್ರೆ ಬೇಕು, ಖಂಡಿತ ಬೇಕು. ಆದರೆ ಆಸ್ಪತ್ರೆಗೆ ಬರುವ ದಾರಿಗಳನ್ನು ಮುಚ್ಚುವ ಕೆಲಸ ಆಸ್ಪತ್ರೆಯ ಹೊರಗೇ ಇದೆ.

ಈಗ ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಬೇಸಿಗೆ ರಜೆಗೆ ಮೊದಲು ಮಕ್ಕಳಿಗೆ ಹೇಳುವ ಮಾತುಗಳನ್ನೇ ಇಲ್ಲಿ ನಿಮಗೂ ಹೇಳುತ್ತೇನೆ. ಗರಿ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಎತ್ತಿಕೊಳ್ಳಬೇಡಿ. ನಾಯಿ ಬೆಕ್ಕನ್ನು ಕಟ್ಟಿ, ದೂರದಿಂದ ನೋಡಿ, ತಂದೆತಾಯಿ ಬಂದೇ ಬರುತ್ತವೆ. ರಕ್ತ ಕಂಡರೆ, ರೆಕ್ಕೆ ಜೋತಿದ್ದರೆ, ತಾಯಿ ಸತ್ತಿದ್ದು ಗೊತ್ತಿದ್ದರೆ ಮಾತ್ರ ಗಾಳಿಯಾಡುವ ಕತ್ತಲೆ ಡಬ್ಬದಲ್ಲಿಟ್ಟು, ಏನೂ ತಿನ್ನಿಸದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ತೆಂಗು, ಮಾವು ಸವರಿಸುವ ಮುನ್ನ ಗೂಡಿದೆಯೇ ಎಂದು ಮರ ಹತ್ತುವವರಿಗೆ ಕೇಳಿ. ಇದ್ದರೆ ಒಂದು ತಿಂಗಳು ತಡೆಯಿರಿ. ಮನೆಯ ಮುಂದಿನ ಮರದಲ್ಲಿ ಗಾಳಿಪಟದ ದಾರ ತೂಗುತ್ತಿದ್ದರೆ ಕೈಗೆ ಎಟುಕುವಷ್ಟನ್ನಾದರೂ ಇವತ್ತೇ ಬಿಡಿಸಿ, ಸಣ್ಣಗೆ ಕತ್ತರಿಸಿ, ಕಸಕ್ಕೆ ಹಾಕಿ.